ಅಪ್ಪನನ್ನು ಚಿಕಸಾ ನಾಡಿಗೆ ಕರೆದುಕೊಂಡು ಹೋಗಬೇಕು, ದಾರಿ ಹೇಳುತ್ತೀರಾ?

ಘಟಪ್ರಭೆಯ ಮಗಳು (ಪ್ಲೇನೊ, ಟೆಕ್ಸಸ್)

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಿಂದ ಅಪ್ಪ, ಅವ್ವ ಬಂದು ಎರಡು ತಿಂಗಳಾಯಿತು. ಡಲ್ಲಾಸ್ ಸುತ್ತಮುತ್ತ ತೋರಿಸುವಷ್ಟನ್ನು ತೋರಿಸಿದ್ದೇನೆ. ದೇವಸ್ಥಾನ, ಮಾಲ್, ಎತ್ತರದ ಕಟ್ಟಡ, ಎಲ್ಲವನ್ನೂ ಅಪ್ಪ ಮಾತಿಲ್ಲದೆ ನೋಡಿ ಬಂದರು. ಅವರಿಗೆ ಈಗ 74. ಪ್ರೌಢಶಾಲೆಯಲ್ಲಿ 34 ವರ್ಷ ಇತಿಹಾಸ ಕಲಿಸಿದವರು. ಹೋದ ವಾರ ರಾತ್ರಿ ಊಟಕ್ಕೆ ಕುಳಿತಾಗ, "ಈ ನೆಲದ ಮೂಲ ಜನ ಎಲ್ಲಿದ್ದಾರೆ? ಎರಡು ತಿಂಗಳಲ್ಲಿ ಒಬ್ಬರನ್ನೂ ಕಾಣಲಿಲ್ಲವಲ್ಲ" ಎಂದು ಕೇಳಿದರು.

ನಕ್ಷೆ ತೆಗೆದು ತೋರಿಸಿದೆ. ನಮ್ಮ ಮನೆಯಿಂದ ಉತ್ತರಕ್ಕೆ ಹೊರಟು ರೆಡ್ ನದಿ ದಾಟಿದರೆ ಚಿಕಸಾ ರಾಷ್ಟ್ರ. ಒಂಬತ್ತು ವರ್ಷಗಳಿಂದ ಇಲ್ಲಿದ್ದೇನೆ. ಆ ಹೆಸರನ್ನು ಹೆದ್ದಾರಿಯ ಕ್ಯಾಸಿನೊ ಜಾಹೀರಾತಿನಲ್ಲಿ ಮಾತ್ರ ನೋಡಿದ್ದೆ. "ಇವರು ಮೊದಲು ಮಿಸಿಸಿಪ್ಪಿಯ ಕಡೆ ಇದ್ದರಂತೆ, ಆಮೇಲೆ ಇಲ್ಲಿಗೆ ಬಂದರಂತೆ" ಎಂದೆ. ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟರು. "ಬಂದರೋ, ಎಬ್ಬಿಸಿ ಕಳಿಸಿದರೋ?" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ.

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ನಮ್ಮ ಮನೆ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ಹೋಯಿತು. ಈಗ ನಾವು ನವನಗರದವರು, ವಿಳಾಸವೆಂದರೆ ಒಂದು ಸೆಕ್ಟರ್ ಸಂಖ್ಯೆ. ನಮ್ಮ ಮನೆಯಲ್ಲಿ ಮದುವೆ, ಮುಂಜಿವೆ, ಸಾವು ಎಲ್ಲಕ್ಕೂ ಕಾಲದ ಲೆಕ್ಕ ಒಂದೇ: ಮುಳುಗಡೆಗೆ ಮೊದಲು, ಮುಳುಗಡೆ ಆದ ಮೇಲೆ.

ಅಕ್ಟೋಬರ್ ಕೊನೆಯಲ್ಲಿ ಎರಡು ದಿನ ಬಿಡುವಿದೆ. ಎಲ್ಲಿಂದ ಶುರುಮಾಡಲಿ? ಅಪ್ಪನಿಗೆ ಮೊಣಕಾಲು ನೋವು, ಹೆಚ್ಚು ಹತ್ತಿ ಇಳಿಯಲು ಆಗುವುದಿಲ್ಲ. ಅವ್ವ ಶುದ್ಧ ಸಸ್ಯಾಹಾರಿ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿನ ಜನರನ್ನು ಮಾತನಾಡಿಸುವುದು ಹೇಗೆ? ಮ್ಯೂಸಿಯಮ್ಮಿನ ಗೊಂಬೆಗಳನ್ನು ನೋಡಿ ಬಂದಂತೆ ಆಗುವುದು ನನಗೆ ಬೇಡ. ಹೋಗಿ ಬಂದವರು ದಯವಿಟ್ಟು ಬರೆಯಿರಿ.


ಅಂತರ್ಜಲ

ನಿಮ್ಮ ತಂದೆಯವರ ಪ್ರಶ್ನೆಗೆ ನೇರ ಉತ್ತರವನ್ನು ಮೊದಲು ಕೊಡುತ್ತೇನೆ: ಎಬ್ಬಿಸಿ ಕಳಿಸಿದರು. ಆದರೆ ಆ ಕಥೆಯಲ್ಲಿ ಅವರು ಗಮನಿಸಬೇಕಾದ ಒಂದು ವಿಶೇಷವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಚಿತ್ರದುರ್ಗ ಜಿಲ್ಲೆಯವನು. ಕೊರೆದಷ್ಟೂ ಧೂಳು ಬರುವ ಕೊಳವೆಬಾವಿಗಳ ಪಕ್ಕದಲ್ಲಿ ನಿಂತು ಅಪ್ಪನ ಮುಖ ನೋಡುತ್ತ ಬೆಳೆದವನು. ಅಂತರ್ಜಲದ ಅಧ್ಯಯನಕ್ಕೆಂದೇ ಓಕ್ಲಹೋಮಾದ ಏಡಾ ಎಂಬ ಊರಿಗೆ ಬಂದೆ, ಆರು ವರ್ಷ ಇದ್ದೆ. ಏಡಾ ಚಿಕಸಾ ರಾಷ್ಟ್ರದ ಆಡಳಿತ ಕೇಂದ್ರ. ಪಕ್ಕದ ಮನೆಯವರು, ನನ್ನ ಕಾರು ರಿಪೇರಿ ಮಾಡುತ್ತಿದ್ದವರು, ಮಗಳು ಹುಟ್ಟಿದಾಗ ಬಿಸಿಬಿಸಿ ಊಟ ತಂದುಕೊಟ್ಟವರು, ಎಲ್ಲರೂ ಚಿಕಸಾ ಜನರೇ. ಹಾಗಾಗಿ "ಎಲ್ಲಿದ್ದಾರೆ" ಎಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಆ ಮುಖಗಳು. ಇಂದು ಈ ರಾಷ್ಟ್ರದ ಸದಸ್ಯರು ಎಂಬತ್ತು ಸಾವಿರಕ್ಕೂ ಹೆಚ್ಚು. ದಕ್ಷಿಣ ಮಧ್ಯ ಓಕ್ಲಹೋಮಾದ 13 ಕೌಂಟಿಗಳಲ್ಲಿ ಅವರ ನಾಡು ಹರಡಿದೆ. ಅವರಿಗೆ ತಮ್ಮದೇ ಗವರ್ನರ್, ಶಾಸನಸಭೆ, ನ್ಯಾಯಾಲಯ, ಪೊಲೀಸ್ ಪಡೆ ಇವೆ. ಬಿಲ್ ಅನೋಟುಬ್ಬಿ 1987ರಿಂದ ಗವರ್ನರ್ ಸ್ಥಾನದಲ್ಲಿದ್ದಾರೆ. ನೀವು ನೋಡಿದ ಕ್ಯಾಸಿನೊ ಕೂಡ ಅವರದೇ. ಅದರ ಆದಾಯದಿಂದ ಆಸ್ಪತ್ರೆ, ವಿದ್ಯಾರ್ಥಿವೇತನ, ವೃದ್ಧರ ಮನೆ ದುರಸ್ತಿ, ಭಾಷೆಯ ಕೆಲಸ ನಡೆಯುತ್ತವೆ. ಆ ಜಾಹೀರಾತು ಫಲಕವನ್ನು ಕಂಡು ಮುಖ ತಿರುಗಿಸುವ ಮುನ್ನ ಇದು ನೆನಪಿರಲಿ.

ಸಲ್ಫರ್ ಎಂಬ ಸಣ್ಣ ಊರಿನಿಂದ ಶುರುಮಾಡಿ. 35ನೇ ಹೆದ್ದಾರಿಯಲ್ಲಿ ಬಂದು ಡೇವಿಸ್ ಬಳಿ ಪೂರ್ವಕ್ಕೆ ತಿರುಗಿದರೆ ಸಿಗುತ್ತದೆ, ನಿಮ್ಮಿಂದ ಸುಮಾರು ಎರಡು ಗಂಟೆ. ಊರು ಹತ್ತಿರವಾದಂತೆ ಗಂಧಕದ ವಾಸನೆ ಬರಬಹುದು. ಕಾರಿನಲ್ಲಿ ಏನೋ ಕೆಟ್ಟಿದೆ ಎಂದು ತಾಯಿಯವರು ಗಾಬರಿಯಾಗದಂತೆ ಮೊದಲೇ ಹೇಳಿಬಿಡಿ. ಅಲ್ಲಿ ಚಿಕಸಾ ರಾಷ್ಟ್ರೀಯ ವಿಹಾರಧಾಮ ಎಂಬ ಉದ್ಯಾನವಿದೆ, ಅದರ ಬಾಗಿಲಲ್ಲೇ ವೆಂಡೋಮ್ ಎಂಬ ಬಾವಿಯಿದೆ. 1922ರಲ್ಲಿ ಕೊರೆದದ್ದು. ಪಂಪಿಲ್ಲದೆ, ವಿದ್ಯುತ್ ಇಲ್ಲದೆ, ನೆಲದೊಳಗಿನ ಒತ್ತಡಕ್ಕೇ ನೀರು ಮೇಲೆ ಉಕ್ಕಿ ಬರುತ್ತದೆ. ನಾನು ಮೊದಲ ಸಲ ಅದರ ಮುಂದೆ ನಿಂತಾಗ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ನಮ್ಮ ಹೊಲದಲ್ಲಿ ಹಾಳಾದ ಏಳು ಬಾವಿಗಳ ಲೆಕ್ಕ ತಲೆಯಲ್ಲಿತ್ತು.

ನೀರಿನ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಏಕೆಂದರೆ ಆ ನಾಡು ಅರ್ಥವಾಗುವುದು ಅದರಿಂದ. ಅಲ್ಲಿ ಆರ್ಬಕಲ್ ಎಂಬ ತಗ್ಗು ಬೆಟ್ಟಸಾಲಿದೆ, ಸುಣ್ಣಕಲ್ಲು ಮತ್ತು ಡೋಲೊಮೈಟಿನದು. ಮಳೆನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು, ಕಲ್ಲನ್ನೇ ಕರಗಿಸಿ ದಾರಿ ಮಾಡಿಕೊಂಡು, ಎಲ್ಲೋ ದೂರದಲ್ಲಿ ಬುಗ್ಗೆಯಾಗಿ ಏಳುತ್ತದೆ. ಕಡಿಮೆ ಆಳದಲ್ಲಿ ಹರಿದು ಬಂದದ್ದು ಸಿಹಿನೀರು, ಬಹಳ ಆಳದಲ್ಲಿ ಸುತ್ತಿ ಬಂದದ್ದು ಗಂಧಕದ, ಉಪ್ಪಿನ ನೀರು. ಆಂಟಲೋಪ್ ಮತ್ತು ಬಫಲೊ ಎಂಬ ಎರಡು ಸಿಹಿ ಬುಗ್ಗೆಗಳಿಂದ ಟ್ರಾವರ್ಟೀನ್ ತೊರೆ ಹುಟ್ಟುತ್ತದೆ. ಕರಗಿದ ಸುಣ್ಣ ಮತ್ತೆ ಕಲ್ಲಾಗಿ ಕಟ್ಟಿಕೊಂಡು ಅದರಲ್ಲಿ ಪುಟ್ಟ ಪುಟ್ಟ ಜಲಪಾತಗಳಾಗಿವೆ. ಬರದ ವರ್ಷಗಳಲ್ಲಿ ಆ ಬುಗ್ಗೆಗಳು ನಿಂತುಹೋದದ್ದೂ ಇದೆ. ಈ ನೀರನ್ನು ಕೊಳವೆಯಲ್ಲಿ ದೂರದ ಊರುಗಳಿಗೆ ಮಾರುವ ಯೋಜನೆ ಬಂದಾಗ ಇಲ್ಲಿನ ರೈತರು, ಚಿಕಸಾ ಜನ, ಸಣ್ಣ ಊರಿನವರು ಸೇರಿ ಎದುರಾದರು. 2003ರಲ್ಲಿ ಅದಕ್ಕೆ ತಡೆ ಹಾಕುವ ಕಾನೂನು ಬಂತು. 2013ರಲ್ಲಿ ಒಂದು ಎಕರೆಗೆ ವರ್ಷಕ್ಕೆ ಎತ್ತಬಹುದಾದ ನೀರಿನ ಮಿತಿಯನ್ನು ಹಿಂದಿದ್ದ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದರು. ಬುಗ್ಗೆ ಹರಿಯುತ್ತಿರಬೇಕು ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಅಂತರ್ಜಲದ ಲೆಕ್ಕ ಹಾಕಿದ್ದು ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ಒಳ್ಳೆಯ ಕೆಲಸ.

ಈ ಬುಗ್ಗೆಗಳಿಗೆ ಒಂದು ಚರಿತ್ರೆಯೂ ಇದೆ. 1902ರಲ್ಲಿ ಚಿಕಸಾ ಜನ ಮತ್ತು ಅವರ ನೆರೆಯ ಮೂಲ ಜನರಾದ ಚಾಕ್ಟಾ ಜನ ಬುಗ್ಗೆಗಳ ಸುತ್ತಲಿನ 640 ಎಕರೆಯನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದರು. ಖಾಸಗಿಯವರು ಬೇಲಿ ಹಾಕಿಕೊಳ್ಳದೆ ನೀರು ಎಲ್ಲರಿಗೂ ಉಳಿಯಲಿ ಎಂಬುದು ಉದ್ದೇಶ. 1906ರಲ್ಲಿ ಅದಕ್ಕೆ ಇಟ್ಟ ಹೆಸರು ಪ್ಲಾಟ್ ರಾಷ್ಟ್ರೀಯ ಉದ್ಯಾನ. ಕನೆಕ್ಟಿಕಟ್ ರಾಜ್ಯದ ಸೆನೆಟರ್ ಒಬ್ಬರ ಹೆಸರು ಅದು. 70 ವರ್ಷ ಹಾಗೇ ಇತ್ತು. 1976ರಲ್ಲಿ ಪಕ್ಕದ ಆರ್ಬಕಲ್ ಸರೋವರವನ್ನೂ ಸೇರಿಸಿ ಚಿಕಸಾ ರಾಷ್ಟ್ರೀಯ ವಿಹಾರಧಾಮ ಎಂದು ಹೆಸರು ಬದಲಾಯಿತು. ಪ್ರವೇಶಕ್ಕೆ ಹಣವಿಲ್ಲ. 1930ರ ದಶಕದಲ್ಲಿ ನಿರುದ್ಯೋಗಿ ಯುವಕರ ಪಡೆ ಕಟ್ಟಿದ ಕಲ್ಲಿನ ಮಂಟಪಗಳು ಬುಗ್ಗೆಗಳ ಮೇಲಿವೆ, ಅಲ್ಲಿ ಕುಳಿತು ಬುತ್ತಿ ಬಿಚ್ಚಿ.

ಉಳಿದ ಅರ್ಧ ದಿನ ಪೂರ್ತಿ ಚಿಕಸಾ ಸಾಂಸ್ಕೃತಿಕ ಕೇಂದ್ರಕ್ಕೆ ಕೊಡಿ. 2010ರಲ್ಲಿ ತೆರೆದದ್ದು, 184 ಎಕರೆ. ಕಟ್ಟಿದವರು ಅವರು, ಕಥೆ ಹೇಳುವವರೂ ಅವರೇ. ಒಳಗೆ ಹಳೆಯ ಕಾಲದ ಹಳ್ಳಿಯೊಂದನ್ನು ಕಟ್ಟಿದ್ದಾರೆ. ಚಳಿಗಾಲದ ಮನೆಗೆ ದಪ್ಪ ಮಣ್ಣಿನ ಗೋಡೆ, ಬೇಸಿಗೆಯ ಮನೆಗೆ ಗಾಳಿಯಾಡುವ ಗೋಡೆ. ಜೊತೆಗೆ ಕಾಳಿನ ಕಣಜ, ಸಭಾಮನೆ. ಮಣ್ಣಿನ ಮಾಳಿಗೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಗೋಡೆಯ ಮೇಲೆ ಕೈಯಿಟ್ಟರೆ ಸಾಕು, ವಿವರಣೆ ಬೇಕಾಗುವುದಿಲ್ಲ. ಗಾಲಿಕುರ್ಚಿ ಹೋಗುವಂಥ ದಾರಿಗಳಿವೆ.

ಹೆಜ್ಜೆ ಕುಣಿತದ ಪ್ರದರ್ಶನ ಇರುವ ದಿನವೇ ಹೋಗಿ. ಒಬ್ಬ ಪುರುಷ ಮುಂದೆ ನಿಂತು ಹಾಡಿನ ಸೊಲ್ಲು ಎತ್ತುತ್ತಾನೆ, ಹಿಂದಿನವರು ಸೊಲ್ಲಿಗೆ ಸೊಲ್ಲು ಕೊಡುತ್ತಾರೆ. ತಾಳ ಹೆಂಗಸರದು. ಸಣ್ಣ ಕಲ್ಲು ತುಂಬಿದ ಆಮೆಯ ಚಿಪ್ಪುಗಳನ್ನು ಕಾಲಿಗೆ ಕಟ್ಟಿಕೊಂಡು ಅವರು ಹೆಜ್ಜೆ ಹಾಕುವ ಸದ್ದು ಗೆಜ್ಜೆಗಿಂತ ಗಡುಸು, ಎದೆಗೆ ತಾಗುತ್ತದೆ. ಕೊನೆಯಲ್ಲಿ ನೋಡುವವರನ್ನೂ ಕರೆಯುತ್ತಾರೆ. ಒಂದು ಮಾತು: ಅವರು ನಡುವಿನ ಬೆಂಕಿಯನ್ನು ಸುತ್ತುವುದು ನಮಗೆ ಅಪ್ರದಕ್ಷಿಣೆ ಎನಿಸುವ ದಿಕ್ಕಿನಲ್ಲಿ. ನಿಮ್ಮ ತಾಯಿಯವರ ಕಾಲು ಹಿಂದೆಗೆಯಬಹುದು. ಹಾಗೆ ಸುತ್ತಿದಾಗ ಎಡಭಾಗ, ಹೃದಯವಿರುವ ಭಾಗ, ಬೆಂಕಿಯ ಕಡೆಗೆ ಇರುತ್ತದೆ ಎಂದು ನನಗೆ ಏಡಾದ ಒಬ್ಬ ಹಿರಿಯರು ಹೇಳಿದ್ದರು. ಇದನ್ನು ಅವರಿಗೂ ಹೇಳಿ. ಕೇಂದ್ರದಲ್ಲಿ ನಡೆಯುವುದು ಅತಿಥಿಗಳಿಗಾಗಿ ಮಾಡುವ ಪ್ರದರ್ಶನ. ಅವರ ಸ್ವಂತ ಆಚರಣೆಯ ಬಯಲುಗಳು ಬೇರೆ, ಅಲ್ಲಿಗೆ ಕರೆಯದೆ ಹೋಗಬಾರದು, ಫೋಟೊ ತೆಗೆಯಬಾರದು. ನಮ್ಮ ಗರ್ಭಗುಡಿಯ ಬಾಗಿಲಿನಂತೆ ಎಂದುಕೊಳ್ಳಿ.

ಊಟದ ವಿಷಯ. ಕೇಂದ್ರದ ಉಪಾಹಾರ ಗೃಹದ ಹೆಸರು ಆಯಿಂಪಾ, ಉಣ್ಣುವ ಜಾಗ ಎಂದರ್ಥ. ಅಲ್ಲಿನ ಮುಖ್ಯ ಅಡುಗೆ ಪಶೋಫಾ. ಒಡೆದ ಮೆಕ್ಕೆಜೋಳವನ್ನು ಗಂಟೆಗಟ್ಟಲೆ ಬೇಯಿಸಿ ಮಾಡುವ ಗಂಜಿ, ಬಣ್ಣ ಹದ ಎರಡೂ ನಿಮ್ಮ ಕಡೆಯ ಜೋಳದ ನುಚ್ಚಿನ ಹಾಗೆ. ಆದರೆ ಅದರಲ್ಲಿ ಹಂದಿಮಾಂಸ ಇರುತ್ತದೆ, ಆದ್ದರಿಂದ ತಾಯಿಯವರಿಗೆ ಆಗದು. ದ್ರಾಕ್ಷಿ ರಸದಲ್ಲಿ ಹಿಟ್ಟಿನ ತುಂಡುಗಳನ್ನು ಬೇಯಿಸಿದ ಸಿಹಿ ಸಿಗುತ್ತದೆ, ಕೇಳಿಕೊಂಡು ಅದನ್ನು ಕೊಡಿಸಿ. ಕಾಳಿನ ಪಲ್ಯಕ್ಕೂ ಕೊಬ್ಬು ಸೇರಿರಬಹುದು, ವಿಚಾರಿಸದೆ ತೆಗೆದುಕೊಳ್ಳಬೇಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವುದು ಕ್ಷೇಮ.

ಎರಡನೆಯ ದಿನ ಟಿಶೊಮಿಂಗೊ. ಸಲ್ಫರಿನಿಂದ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ಮೊದಲೇ ಹೇಳಿದ ವಿಶೇಷ ಇಲ್ಲಿದೆ.

ಚಿಕಸಾ ಜನರ ಮೂಲನೆಲ ಇಂದಿನ ಮಿಸಿಸಿಪ್ಪಿಯ ಉತ್ತರ ಭಾಗ, ಅಲಬಾಮಾ, ಟೆನೆಸಿಯ ಅಂಚುಗಳು. 1832ರಲ್ಲಿ ಪಾಂಟಟಾಕ್ ಒಪ್ಪಂದದಲ್ಲಿ ಆ ನೆಲವನ್ನೆಲ್ಲ ಬಿಟ್ಟುಕೊಡಬೇಕಾಯಿತು. 1837ರಲ್ಲಿ 5,30,000 ಡಾಲರ್ ಕೊಟ್ಟು ಚಾಕ್ಟಾ ಜನರ ನಾಡಿನ ಪಶ್ಚಿಮ ಭಾಗದಲ್ಲಿ ನೆಲೆಸುವ ಹಕ್ಕನ್ನು ಪಡೆದರು, ಅದೇ ವರ್ಷ ಹೊರಟರು. ತಮ್ಮನ್ನು ಎಬ್ಬಿಸಿದ ಆ ಪ್ರಯಾಣದ ಖರ್ಚನ್ನೂ ತಮ್ಮ ನೆಲ ಮಾರಿದ ಹಣದಿಂದಲೇ ಭರಿಸಿದರು. ಹೊಸ ನಾಡಿನಲ್ಲಿ ಸಿಡುಬು ಕಾದಿತ್ತು. ಸುಮಾರು ಎರಡು ದಶಕ ಇನ್ನೊಬ್ಬರ ಆಡಳಿತದ ಕೆಳಗೆ ಇದ್ದು, 1856ರಲ್ಲಿ ತಮ್ಮದೇ ಸಂವಿಧಾನ ಬರೆದುಕೊಂಡು, ಟಿಶೊಮಿಂಗೊವನ್ನು ರಾಜಧಾನಿ ಮಾಡಿಕೊಂಡರು. ಆಗ ತಮ್ಮ ನಾಡನ್ನು ನಾಲ್ಕು ಕೌಂಟಿಗಳಾಗಿ ಹಂಚಿಕೊಂಡರು: ಪಾನೋಲಾ, ಪಿಕನ್ಸ್, ಪಾಂಟಟಾಕ್, ಟಿಶೊಮಿಂಗೊ. ಮಿಸಿಸಿಪ್ಪಿಯ ನಕ್ಷೆ ತೆರೆದು ನೋಡಿ. ಅಲ್ಲೂ ಪಾಂಟಟಾಕ್ ಇದೆ, ಟಿಶೊಮಿಂಗೊ ಇದೆ, ಪಾನೋಲಾ ಇದೆ. ನೆಲವನ್ನು ಹೊತ್ತು ತರಲು ಆಗಲಿಲ್ಲ, ಹೆಸರುಗಳನ್ನು ತಂದರು. ಏಡಾ ಇರುವುದೇ ಇಂದಿನ ಪಾಂಟಟಾಕ್ ಕೌಂಟಿಯಲ್ಲಿ.

ಟಿಶೊಮಿಂಗೊ ಊರಿನಲ್ಲಿ ಮರದ ದಿಮ್ಮಿಗಳ ಮೊದಲ ಸಭಾಭವನವನ್ನು ಮ್ಯೂಸಿಯಮ್ಮಿನ ಒಳಗೆ ಕಾಪಾಡಿಟ್ಟಿದ್ದಾರೆ. ಹತ್ತಿರದಲ್ಲೇ 1898ರ ಗ್ರಾನೈಟ್ ರಾಜಧಾನಿ ಭವನವಿದೆ. ಅದನ್ನು ಕಟ್ಟಿದ ಒಂಬತ್ತೇ ವರ್ಷಕ್ಕೆ, 1907ರಲ್ಲಿ, ಓಕ್ಲಹೋಮಾ ರಾಜ್ಯವಾಯಿತು. ಭವನ ಕೈತಪ್ಪಿ ಕೌಂಟಿಯ ನ್ಯಾಯಾಲಯವಾಯಿತು. 1992ರಲ್ಲಿ ಚಿಕಸಾ ರಾಷ್ಟ್ರ ಅದನ್ನು ಮರಳಿ ಪಡೆಯಿತು. ಎರಡು ಭವನಗಳನ್ನೂ ನೋಡಿ, ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆಯಿರಿ.

ಕೊನೆಯದಾಗಿ ಭಾಷೆ. ತಂದೆಯವರಿಗೆ ಇದು ಹಿಡಿಸುತ್ತದೆ. "ಹತ್ತಕತ್ ಒಫಿ ಪಿಸ" ಎಂದರೆ ಮನುಷ್ಯ ನಾಯಿಯನ್ನು ನೋಡುತ್ತಾನೆ. ಪದಗಳ ಕ್ರಮ ಗಮನಿಸಿ: ಕರ್ತೃ, ಕರ್ಮ, ಕ್ರಿಯೆ. ಕ್ರಿಯಾಪದ ಕೊನೆಗೆ, ಕನ್ನಡದ ಹಾಗೆಯೇ. "ಹತ್ತಕ್" ಎಂದರೆ ಮನುಷ್ಯ, ಅದರ ತುದಿಯ "ಅತ್" ಕರ್ತೃವನ್ನು ಗುರುತಿಸುವ ಪ್ರತ್ಯಯ. ಅವರ ಬಾಯಲ್ಲಿ ಅವರ ಹೆಸರು ಚಿಕಶ್ಶಾ, ನಮ್ಮ ಒತ್ತಕ್ಷರದ ಹಾಗೆ ಒತ್ತಿ ಹೇಳಬೇಕು. ಆ ಭಾಷೆಯೊಂದನ್ನೇ ಬಲ್ಲವರಲ್ಲಿ ಕೊನೆಯವರಾದ ಎಮಿಲಿ ಜಾನ್ಸನ್ ಡಿಕರ್ಸನ್ 2013ರ ಡಿಸೆಂಬರ್ 30ರಂದು ತೀರಿಕೊಂಡರು. ಈಗ ನಿರರ್ಗಳವಾಗಿ ಮಾತನಾಡುವವರು ನೂರು ಮಂದಿಯೂ ಇಲ್ಲ, ಆದರೆ ಕಲಿಯುತ್ತಿರುವ ಮಕ್ಕಳಿದ್ದಾರೆ. ಎದುರು ಬಂದವರಿಗೆ "ಚೊಕ್ಮಾ" ಎನ್ನಿ. ಹೊರಡುವಾಗ "ಯಕ್ಕೋಕೆ" ಎಂದು ವಂದಿಸಿ. ಮಾತು ತಾನಾಗಿ ಶುರುವಾಗುತ್ತದೆ.


ಶರಾವತಿ (ಓಕ್ಲಹೋಮಾ ಸಿಟಿ)

ಅಂತರ್ಜಲ ಅವರು ಪ್ರೀತಿಯಿಂದ ಬರೆದಿದ್ದಾರೆ. ಆದರೆ ಒಂದು ವಿಷಯವನ್ನು ಬಿಟ್ಟಿದ್ದಾರೆ, ಇತಿಹಾಸದ ಮೇಷ್ಟ್ರಿಗೆ ಅದನ್ನು ಮುಚ್ಚಿಡಬಾರದು. 1837ರಲ್ಲಿ ಹೊರಟವರೊಂದಿಗೆ ಅವರ ಗುಲಾಮರಾಗಿದ್ದ ಕಪ್ಪು ಜನರೂ ಬಂದರು. ಅವರಿಗೆ ತಾವೇ ಹೊರಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಚಿಕಸಾ ರಾಷ್ಟ್ರ ಗುಲಾಮಗಿರಿಯ ಪರವಾಗಿದ್ದ ದಕ್ಷಿಣದವರ ಪಕ್ಷ ವಹಿಸಿತು. 1866ರ ಒಪ್ಪಂದದ ನಂತರ ಗುಲಾಮಗಿರಿ ಮುಗಿಯಿತು, ಆದರೆ ಬಿಡುಗಡೆಯಾದವರಿಗೆ ಪೌರತ್ವ ಸಿಗಲಿಲ್ಲ. ಅವರ ವಂಶದವರು ಇಂದಿಗೂ ಅದನ್ನು ಕೇಳುತ್ತಿದ್ದಾರೆ. ನೋವು ಉಂಡವರ ಮನೆಯಲ್ಲೂ ಇನ್ನೊಬ್ಬರ ನೋವಿತ್ತು. ಎರಡನ್ನೂ ತಿಳಿದು ಹೋದರೆ ಅಲ್ಲಿನ ಗೋಡೆಗಳ ಮೇಲೆ ಬರೆದದ್ದನ್ನೂ ಬರೆಯದೆ ಬಿಟ್ಟದ್ದನ್ನೂ ಓದಬಹುದು.

ಇನ್ನೊಂದು. ನಮ್ಮ ಪಠ್ಯಪುಸ್ತಕಗಳು ಕಲಿಸಿದ "ಕೆಂಪು ಇಂಡಿಯನ್ನರು" ಎಂಬ ಮಾತನ್ನು ಅಲ್ಲಿ ಆಡಬೇಡಿ. ಓಕ್ಲಹೋಮಾ ಎಂಬ ಹೆಸರಿನಲ್ಲೇ ಚಾಕ್ಟಾ ಭಾಷೆಯ "ಕೆಂಪು ಜನ" ಇದ್ದಾರೆ ನಿಜ. ಅದು ಅವರ ಮಾತು, ಅವರಿಗೆ ಇರಲಿ. ಚಿಕಸಾ ಎಂದರೆ ಸಾಕು.

ಟೇ ಆಟಾ ಎಂಬ ಹೆಸರನ್ನು ತಂದೆಯವರಿಗೆ ಪರಿಚಯಿಸಿ. 1895ರಲ್ಲಿ ಟಿಶೊಮಿಂಗೊ ಬಳಿಯ ಹಳ್ಳಿಯಲ್ಲಿ ಹುಟ್ಟಿದ ಚಿಕಸಾ ಹೆಣ್ಣುಮಗಳು. ತನ್ನ ಜನರ ಕಥೆಗಳನ್ನು ವೇದಿಕೆಯ ಮೇಲೆ ಹೇಳುತ್ತ ಹೇಳುತ್ತ 1933ರಲ್ಲಿ ಅಮೆರಿಕ ಅಧ್ಯಕ್ಷರ ಮನೆಯಲ್ಲೂ ಹೇಳಿದವರು. ನೂರು ವರ್ಷದ ಹತ್ತಿರ ಬದುಕಿದರು. ನನ್ನ ಅಜ್ಜಿಗೆ ಹರಿಕಥೆಯ ಹುಚ್ಚು ಇತ್ತು. ಟೇ ಆಟಾ ಅವರ ಫೋಟೊ ನೋಡಿದಾಗ, ಒಬ್ಬರೇ ನಿಂತು ಸಭೆಯನ್ನು ಹಿಡಿದಿಡುವ ಆ ನಿಲುವು ಕಂಡು ಅಜ್ಜಿ ಎಷ್ಟು ಸಂತೋಷಪಡುತ್ತಿದ್ದರೋ ಎಂದುಕೊಂಡೆ.


ನಾರ್ಮನ್ ನಿವಾಸಿ

ಚುಟುಕಾಗಿ ನನ್ನ ಅನುಭವ. ಉದ್ಯಾನದಲ್ಲಿ ಕಾಡೆಮ್ಮೆಗಳ, ಅಂದರೆ ಬೈಸನ್‌ಗಳ, ಒಂದು ಮಂದೆ ಇದೆ. ಬೆಳಗ್ಗೆ ಬೇಗ ಹೋದರೆ ಬೇಲಿಯ ಹತ್ತಿರ ಕಾಣಬಹುದು. ಟ್ರಾವರ್ಟೀನ್ ನಿಸರ್ಗ ಕೇಂದ್ರ ತೊರೆಯ ಮೇಲೆಯೇ ಕಟ್ಟಿದ ಕಟ್ಟಡ, ಅಲ್ಲಿಂದ ಸಿಹಿ ಬುಗ್ಗೆಗಳ ಕಡೆಗಿನ ದಾರಿ ಬಹುಮಟ್ಟಿಗೆ ಸಮತಟ್ಟು. ಹುಲ್ಲಿನಲ್ಲಿ ಉಣ್ಣೆಹುಳುಗಳಿವೆ, ಉದ್ದನೆಯ ಪ್ಯಾಂಟ್ ಹಾಕಿಸಿ. 2024ರ ಏಪ್ರಿಲ್ 27ರ ಸುಂಟರಗಾಳಿ ಸಲ್ಫರಿನ ಪೇಟೆಬೀದಿಯನ್ನು ಬಹಳಷ್ಟು ಕೆಡವಿತು. ನಾವು ಪ್ರತಿ ಸಲ ಕಾಫಿ ಕುಡಿಯುತ್ತಿದ್ದ ಅಂಗಡಿ ಈಗಿಲ್ಲ. ಖಾಲಿ ನಿವೇಶನಗಳು ಕಂಡರೆ ಕಾರಣ ಅದು. ಏನಾದರೂ ಕೊಳ್ಳುವುದಿದ್ದರೆ ಆ ಊರಿನಲ್ಲೇ ಕೊಳ್ಳಿ.


ಘಟಪ್ರಭೆಯ ಮಗಳು (ಪ್ಲೇನೊ, ಟೆಕ್ಸಸ್)

ಹೋಗಿ ಬಂದೆವು. ಮೂವರಿಗೂ ಕೃತಜ್ಞತೆ. ಅಂತರ್ಜಲ ಅವರ ಉತ್ತರವನ್ನು ಅಪ್ಪ ಕಾಗದದ ಮೇಲೆ ಮುದ್ರಿಸಿಕೊಂಡು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಂಡು ಹೊರಟಿದ್ದರು. ಶರಾವತಿ ಅವರ ಉತ್ತರದ ಪಕ್ಕದಲ್ಲಿ "ಇದನ್ನು ಕೇಳಬೇಕು" ಎಂದು ಬರೆದಿದ್ದರು.

ವೆಂಡೋಮ್ ಬಾವಿಯ ಹತ್ತಿರ ಅವ್ವ ಸೆರಗನ್ನು ಮೂಗಿಗೆ ಹಿಡಿದು ನಿಂತಳು. ಅಪ್ಪ ಹತ್ತಿರ ಹೋಗಿ ಕೈ ತೊಳೆದುಕೊಂಡರು. ಬಫಲೊ ಬುಗ್ಗೆಯಲ್ಲಿ ನೀರಿತ್ತು, ಕಲ್ಲಿನ ಕಟ್ಟೆಯೊಳಗೆ ಮರಳನ್ನು ತಳ್ಳಿಕೊಂಡು ಏಳುತ್ತಿತ್ತು. ಅಲ್ಲೇ ಕುಳಿತು ರೊಟ್ಟಿ ತಿಂದೆವು.

ಹಳ್ಳಿಯಲ್ಲಿ ಹೇಳಿದಂತೆಯೇ ಆಯಿತು. ಚಳಿಗಾಲದ ಮನೆಯ ಬಾಗಿಲಲ್ಲಿ ಅಪ್ಪ ಬಗ್ಗಿ ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಕತ್ತಲಲ್ಲಿ ಗೋಡೆಯನ್ನು ಸವರುತ್ತ ನಿಂತಿದ್ದರು. "ಇದಕ್ಕೆ ಹುಲ್ಲು ಕಲಸಿದ್ದಾರೆ, ಕೈಗೆ ತಿಳಿಯುತ್ತದೆ" ಎಂದರು. ಕುಣಿತಕ್ಕೆ ಕರೆದಾಗ ಅಪ್ಪ ಮೊಣಕಾಲು ತೋರಿಸಿ ಕುಳಿತರು. ಆಶ್ಚರ್ಯವೆಂದರೆ ಅವ್ವ ಎದ್ದಳು. ಹೃದಯದ ಭಾಗ ಬೆಂಕಿಯ ಕಡೆಗೆ ಎಂಬುದನ್ನು ದಾರಿಯಲ್ಲೇ ಹೇಳಿದ್ದೆ. "ಅವರ ದೇವರು ನಡುವೆ ಇದ್ದಾನೆ, ಎಡಕ್ಕೆ ಸುತ್ತಿದರೇನು" ಎಂದು ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು ಸಾಲಿನ ಕೊನೆಗೆ ಸೇರಿಕೊಂಡಳು. ಆಮೆಚಿಪ್ಪು ಕಟ್ಟಿದ ಹೆಂಗಸರಲ್ಲಿ ಒಬ್ಬರು ತಿರುಗಿ ನೋಡಿ ನಕ್ಕು, ತಮ್ಮ ಹೆಜ್ಜೆಯನ್ನು ಅವಳಿಗಾಗಿ ನಿಧಾನ ಮಾಡಿದರು.

ಎರಡನೆಯ ದಿನ ಟಿಶೊಮಿಂಗೊದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ರಾಜಧಾನಿ ಭವನದ ಗೋಡೆಯನ್ನು ಮುಟ್ಟಿ ಅಪ್ಪ, "ನಮ್ಮ ಇಳಕಲ್ಲಿನ ಕಲ್ಲೂ ಹೀಗೇ ತಣ್ಣಗೆ" ಎಂದರು. ಒಳಗೆ ವಿವರಿಸುತ್ತಿದ್ದವರು ಅಪ್ಪನ ವಯಸ್ಸಿನವರೇ, ಚಿಕಸಾ ಹಿರಿಯರು. ನಾನು ನಡುವೆ ನಿಂತು ಎರಡೂ ಕಡೆಯ ಮಾತು ತಿಳಿಸಿದೆ. ಅಪ್ಪ ಮೊದಲು ಕೇಳಿದ್ದು ಗುಲಾಮರ ಬಗ್ಗೆ. ಆ ಹಿರಿಯರು ಒಂದು ಕ್ಷಣ ಸುಮ್ಮನಿದ್ದು, "ಹೌದು, ಅದು ನಡೆದದ್ದು ನಿಜ. ಅದರ ಬಗ್ಗೆ ನಮ್ಮೊಳಗೆ ಇನ್ನೂ ಎಲ್ಲರೂ ಮಾತನಾಡುವುದಿಲ್ಲ" ಎಂದರು. ಆ ಉತ್ತರದಿಂದ ಅಪ್ಪನಿಗೆ ಅವರ ಮೇಲೆ ಗೌರವ ಹೆಚ್ಚಾಯಿತು ಎಂದು ಮುಖ ನೋಡಿಯೇ ಗೊತ್ತಾಯಿತು. ಆಮೇಲೆ ಅಪ್ಪ ತಮ್ಮ ಊರಿನ ಕಥೆ ಹೇಳಿದರು. ಅಣೆಕಟ್ಟು, ಹಿನ್ನೀರು, ಪರಿಹಾರದ ಹಣ, ಹೊಸ ಊರು. ನಮ್ಮನ್ನು ಯಾರೂ ನೂರಾರು ಮೈಲಿ ನಡೆಸಲಿಲ್ಲ, ನಿಮ್ಮ ಕಷ್ಟಕ್ಕೆ ನಮ್ಮದನ್ನು ಹೋಲಿಸುತ್ತಿಲ್ಲ ಎಂದೂ ಸೇರಿಸಿದರು. ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಹೊಸ ಊರಿನ ಬೀದಿಗಳಿಗೆ ಹಳೆಯ ಬೀದಿಗಳ ಹೆಸರನ್ನೇ ಇಟ್ಟಿರಾ?"

ಅಪ್ಪ ಉತ್ತರಿಸಲಿಲ್ಲ. ನಾನೇ ಹೇಳಿದೆ, ಇಲ್ಲ, ಸಂಖ್ಯೆಗಳಿವೆ ಎಂದು.

ಬರುವಾಗ ಡುರಾಂಟ್ ಮಾರ್ಗವಾಗಿ 75ನೇ ಹೆದ್ದಾರಿ ಹಿಡಿದೆವು. ಅಪ್ಪ ಹಿಂದಿನ ಆಸನದಲ್ಲಿ ಅವ್ವನ ಜೊತೆ ಕುಳಿತು, ಮುದ್ರಿಸಿ ತಂದ ಕಾಗದದ ಹಿಂಬದಿಯಲ್ಲಿ ಬರೆಯತೊಡಗಿದರು. ಓಣಿಗಳು, ಕಟ್ಟೆಗಳು, ಗಿರಣಿ, ನೀರು ಸೇದುತ್ತಿದ್ದ ಬಾವಿಗಳು. ಅವ್ವ ನಡುನಡುವೆ ತಿದ್ದಿದಳು, ಅದು ಆ ಓಣಿಯ ಬಾವಿಯಲ್ಲ, ಅದರ ಹಿಂದಿನ ಓಣಿಯದು ಎಂದು. ರೆಡ್ ನದಿ ದಾಟುವ ಹೊತ್ತಿಗೆ 41 ಹೆಸರಾಗಿದ್ದವು. ಈಗ ಊರಿನಲ್ಲಿರುವ ಚಿಕ್ಕಪ್ಪನಿಗೆ ದಿನಾ ಫೋನ್ ಮಾಡಿ ಉಳಿದವನ್ನು ಕೇಳುತ್ತಿದ್ದಾರೆ.

ಅವ್ವನದೊಂದು ಪ್ರಶ್ನೆ ಬಾಕಿಯಿದೆ, ಅಂತರ್ಜಲ ಅವರಿಗೆ. ಪಶೋಫಾ ಮಾಡುವ ಒಡೆದ ಮೆಕ್ಕೆಜೋಳದ ಒಂದು ಪೊಟ್ಟಣ ತಂದಿದ್ದಾಳೆ. ಮಾಂಸವಿಲ್ಲದೆ ಮಾಡಿದರೆ ಹದ ಬರುತ್ತದೆಯೇ? ಎಷ್ಟು ಹೊತ್ತು ನೆನೆಸಬೇಕು?


ಅಂತರ್ಜಲ

ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ಪಟ್ಟಿ ಪೂರ್ಣವಾದಾಗ ಬಾವಿಗಳ ಹೆಸರುಗಳನ್ನಾದರೂ ನನಗೆ ಕಳಿಸಿ, ತಂದೆಯವರ ಒಪ್ಪಿಗೆ ಇದ್ದರೆ.

ತಾಯಿಯವರಿಗೆ: ಕಾಳನ್ನು ರಾತ್ರಿಯಿಡೀ ನೆನೆಸಿ. ಬೆಳಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಮೂರು ನಾಲ್ಕು ಗಂಟೆ ಬೇಯಿಸಿ, ತಳ ಹಿಡಿಯದಂತೆ ಆಗಾಗ ಕೈಯಾಡಿಸುತ್ತಿರಿ. ನೀರು ಕಡಿಮೆಯಾದರೆ ಬಿಸಿನೀರನ್ನೇ ಸೇರಿಸಿ. ಬೇಯುವಾಗ ಉಪ್ಪು ಹಾಕಬೇಡಿ, ಅಲ್ಲಿಯವರು ತಟ್ಟೆಗೆ ಬಡಿಸಿದ ಮೇಲೆ ತಮತಮಗೆ ಬೇಕಾದಷ್ಟು ಹಾಕಿಕೊಳ್ಳುತ್ತಾರೆ. ಮಾಂಸವಿಲ್ಲದೆಯೂ ಹದ ಬರುತ್ತದೆ. ನನ್ನ ಹೆಂಡತಿ ಆರಿಸಿ, ಮಜ್ಜಿಗೆ ಕಲಸಿ, ಮೇಲೆ ಹಸಿ ಈರುಳ್ಳಿ ಹಾಕಿ ಕೊಡುತ್ತಾಳೆ.